ಕರಿ ಅಟ್ಟದ ಕೆಳಗೆ ಫ್ಲ್ಯಾಶ್ ಹಿಡಿದು

ಅಕ್ಕನ ಸೀಮಂತ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಆಯ್ತು. ಫೋಟೋ ಕೆಲಸ ನನ್ನದು. ನಿಕಾನ್ ಡಿ5600, 35 ಎಂಎಂ ಲೆನ್ಸ್, ಗೋಡಾಕ್ಸ್ ಟಿಟಿ600 ಫ್ಲ್ಯಾಶ್ ತೆಗೆದುಕೊಂಡು ಹೋಗಿದ್ದೆ. ಈ ಫ್ಲ್ಯಾಶ್‌ನಲ್ಲಿ ಟಿಟಿಎಲ್, ಅಂದರೆ ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾವೇ ಲೆಕ್ಕ ಹಾಕುವ ಸೌಲಭ್ಯ, ಇಲ್ಲ; ಪವರ್ ಎಷ್ಟು ಅಂತ ನಾವೇ ಇಡಬೇಕು. ಕಲಿಯುವವರಿಗೆ ಇದೇ ಒಳ್ಳೆಯದು ಅನ್ನುತ್ತೇನೆ. ಪವರ್ ತಾನಾಗಿ ಬದಲಾಗುವುದಿಲ್ಲ, ಹಾಗಾಗಿ ಯಾವುದರಿಂದ ಏನಾಯ್ತು ಅಂತ ಗೊತ್ತಾಗುತ್ತದೆ.

ಬೆಂಗಳೂರಿನ ಮನೆಯಲ್ಲಿ ಸುಲಭ. ಬಿಳಿ ಸೀಲಿಂಗ್ ಇದೆ, ಫ್ಲ್ಯಾಶ್ ತಲೆ ಮೇಲೆತ್ತಿ ಹೊಡೆದರೆ ಸೀಲಿಂಗೇ ದೊಡ್ಡ ದೀಪ ಆಗುತ್ತದೆ, ನೆರಳು ಮೆತ್ತಗೆ ಬೀಳುತ್ತದೆ. ಅಜ್ಜನ ಮನೆಯಲ್ಲಿ ತಲೆ ಎತ್ತಿದರೆ ಹೊಗೆ ಹಿಡಿದು ಕರ್ರಗಾದ ಮರದ ಅಟ್ಟ. ಅದು ಬೆಳಕನ್ನೆಲ್ಲ ನುಂಗಿತು. ಪೂರ್ತಿ ಪವರ್ ಕೊಟ್ಟರೂ ಅಕ್ಕನ ಮುಖ ಮಂಕು. ನೇರ ಹೊಡೆದೆ. ಹಣೆ, ಮೂಗು ಮಿರಮಿರ, ಹಿಂದಿನ ಗೋಡೆ ಮೇಲೆ ಚಾಕುವಿನಲ್ಲಿ ಕೊಯ್ದಂಥ ನೆರಳು, ಸೀರೆಯ ಜರಿ ಬೆಳ್ಳಗೆ ಸುಟ್ಟುಹೋಗಿತ್ತು. ಪಕ್ಕದ ಗೋಡೆಗೆ ತಿರುಗಿಸಿದೆ. ಅದು ಹಸಿರು ಗೋಡೆ, ಅಕ್ಕನ ಕೆನ್ನೆಯೂ ಹಸಿರಾಯ್ತು. ಬೆಳಕು ಯಾವುದಕ್ಕೆ ಬಡಿದು ಬರುತ್ತದೋ ಅದರ ಬಣ್ಣ ಹೊತ್ತು ಬರುತ್ತದೆ, ಅಲ್ವಾ.

ಆಗ ಅಜ್ಜನ ಬಿಳಿ ಪಂಚೆ ಕಣ್ಣಿಗೆ ಬಿತ್ತು. ಎರಡು ಮಡಿಕೆ ಮಾಡಿ ಅಕ್ಕನ ಎಡಕ್ಕೆ, ಸುಮಾರು ಐದು ಅಡಿ ದೂರದಲ್ಲಿ, ಹಗ್ಗ ಕಟ್ಟಿ ಇಳಿಬಿಟ್ಟೆ. ಫ್ಲ್ಯಾಶ್ ತಲೆಯನ್ನು ಆ ಕಡೆ ತಿರುಗಿಸಿದೆ. ನೇರ ಬೆಳಕು ಮುಖಕ್ಕೆ ತಾಗದ ಹಾಗೆ ಕಪ್ಪು ರಟ್ಟಿನ ತುಂಡೊಂದನ್ನು ರಬ್ಬರ್ ಬ್ಯಾಂಡ್ ಹಾಕಿ ಫ್ಲ್ಯಾಶ್ ಪಕ್ಕಕ್ಕೆ ಕಟ್ಟಿದೆ. ಈ ರಟ್ಟನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅರ್ಧ ಗುಟ್ಟು ಇರುವುದೇ ಅದರಲ್ಲಿ.

ಐಎಸ್‌ಒ 800 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಎಫ್/4, ಫ್ಲ್ಯಾಶ್ ಪವರ್ ಪೂರ್ತಿಯ 1/4. ಅಪರ್ಚರ್ ಬದಲಿಸಿದರೆ ಫ್ಲ್ಯಾಶ್ ಬೆಳಕೂ ಕೋಣೆಯ ಬೆಳಕೂ ಎರಡೂ ಏರಿಳಿಯುತ್ತವೆ. ಶಟರ್, ಅಂದರೆ ಬೆಳಕು ಒಳಗೆ ಬರುವ ಹೊತ್ತು, ಬದಲಿಸಿದರೆ ಕೋಣೆಯದ್ದು ಮಾತ್ರ. ಇದು ತಲೆಗೆ ಹೋದ ಮೇಲೆ ನನಗೆ ಫ್ಲ್ಯಾಶ್ ಭಯ ಹೋಯಿತು. ಶಟರ್ 1/60 ಸೆಕೆಂಡಿಗೆ ಇಳಿಸಿದೆ, ಹಿಂದಿನ ಬಲ್ಬು, ದೇವರ ಕೋಣೆಯ ದೀಪ ಎಲ್ಲ ಫೋಟೋ ಒಳಗೆ ಬಂದವು. ಶಟರ್ ವೇಗ ಹೆಚ್ಚಿಸುವುದಾದರೆ ಫ್ಲ್ಯಾಶ್ ಜೊತೆ ಈ ಕ್ಯಾಮೆರಾದಲ್ಲಿ 1/200 ದಾಟಬಾರದು, ದಾಟಿದರೆ ಕಪ್ಪು ಪಟ್ಟಿ ಬರುತ್ತದೆ.

ಇನ್ನೊಂದು ತೊಂದರೆ ಬಣ್ಣದ್ದು. ಬಲ್ಬು ಹಳದಿ, ಫ್ಲ್ಯಾಶ್ ಬಿಸಿಲಿನ ಹಾಗೆ ಬಿಳಿ, ಎರಡೂ ಸೇರಿದರೆ ಮುಖ ಒಂದು ಬಣ್ಣ, ಹಿಂದೆ ಇನ್ನೊಂದು. ಫ್ಲ್ಯಾಶ್ ಮುಂದೆ ಅರ್ಧ ಸಿಟಿಒ, ಅಂದರೆ ಕಿತ್ತಳೆ ಬಣ್ಣದ ತೆಳು ಹಾಳೆ, ಅಂಟಿಸಿ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಅಂತ ಕ್ಯಾಮೆರಾ ಎಣಿಸಬೇಕು ಅನ್ನುವ ಲೆಕ್ಕ) 3800 ಕೆಲ್ವಿನ್‌ಗೆ ಇಟ್ಟೆ. ಪೂರ್ತಿ ಹೊಂದಲಿಲ್ಲ, ದೀಪ ಸ್ವಲ್ಪ ಬೆಚ್ಚಗೇ ಉಳಿಯಿತು. ನನಗೆ ಹಾಗೇ ಇಷ್ಟ.

ಬ್ಯಾಟರಿ ಬಗ್ಗೆ ಒಂದೇ ಮಾತು: ನಾಲ್ಕು ರೀಚಾರ್ಜ್ ಸೆಲ್ ಒಳಗೆ, ನಾಲ್ಕು ಜೇಬಿನಲ್ಲಿ.

ಬಳೆ ತೊಡಿಸುವಾಗ ಹತ್ತಿರ ಹೋಗಿ ಕೂತೆ. ಅತ್ತೆ ಅಕ್ಕನ ಬೆರಳು ಮಡಚಿ, ಅಂಗೈ ಒತ್ತಿ, ಹಸಿರು ಗಾಜಿನ ಬಳೆ ಒಂದೊಂದಾಗಿ ಏರಿಸುತ್ತಿದ್ದರು. ಫೋಟೋ ದೊಡ್ಡದು ಮಾಡಿ ನೋಡಿದರೆ ಪ್ರತಿ ಬಳೆಯ ಮೇಲೂ ಒಂದು ಸಣ್ಣ ಬಿಳಿ ಗೆರೆ. ಅಜ್ಜನ ಪಂಚೆ.