ಆಲಾಪನೆಯ ರೋಮಾಂಚನ ಅಳೆಯೋಕೆ ಕಾಲೇ ಸರಿ

ರಾಗ ಕೇಳುವಾಗ ಮೈ ಜುಮ್ಮೆನ್ನುವ ಗಳಿಗೆಯನ್ನು ಗ್ರಾಫಿನಲ್ಲಿ ಹಿಡಿಯಬೇಕು ಅಂತ ಹೊರಟಾಗ, ನಮ್ಮ ವಿಭಾಗದ ಹಿರಿಯರೊಬ್ಬರು ‘ಎಫ್‌ಎಂಆರ್‌ಐ ಇಲ್ಲದೆ ಇದೆಂಥಾ ಸಂಶೋಧನೆ?’ ಅಂದಿದ್ದರು. ಮಿದುಳಿನ ಚಟುವಟಿಕೆಯನ್ನು ಚಿತ್ರವಾಗಿ ತೋರಿಸುವ ಸ್ಕ್ಯಾನ್ ಅದು. ಈಗ ಡೇಟಾ ಚೆನ್ನಾಗಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ಯಾನರನ್ನೂ ನೋಡಿಯಾಯಿತು. ಗಂಟೆಗೆ ಏಳೆಂಟು ಸಾವಿರ ಬಾಡಿಗೆ. ಒಳಗೆ ನೂರು ಡೆಸಿಬಲ್ ದಾಟುವ ಗಲಾಟೆ. ಹೆಡ್‌ಫೋನ್ ಹಾಕಿದರೂ ತಂಬೂರಿಯೇ ಕೇಳಿಸೋದಿಲ್ಲ, ಇನ್ನು ಗಮಕದ ಮಾತೆಲ್ಲಿ ಬಂತು! ಮಾಂಟ್ರಿಯಲ್‌ನ ಸಂಶೋಧಕರಾದ ಬ್ಲಡ್ ಮತ್ತು ಝಟೋರೆ 2001ರಲ್ಲಿ ಇದೇ ರೋಮಾಂಚನವನ್ನು ನೋಡಿದ್ದು ಪೆಟ್ ಅನ್ನೋ ಇನ್ನೊಂದು ಬಗೆಯ ಮಿದುಳಿನ ಸ್ಕ್ಯಾನಿನಲ್ಲಿ. ಅದರ ಸದ್ದು ಕಮ್ಮಿ, ದುಡ್ಡು ಜಾಸ್ತಿ. ನನಗೆ ಸಿಕ್ಕಿದ್ದ ಸಣ್ಣ ಗ್ರಾಂಟಿನಲ್ಲಿ ಅರವತ್ತು ಸಾವಿರದಷ್ಟು ಸ್ಕ್ಯಾನರಿಗೇ ಹೋಯಿತು. ಬಂದದ್ದು ಕೇಳುಗರ ತಲೆನೋವು ಮಾತ್ರ.

ಆಮೇಲೆ ಚರ್ಮದ ವಾಹಕತೆಗೆ ಇಳಿದೆ: ಮೈ ಜುಮ್ಮೆಂದಾಗ ಸಣ್ಣಗೆ ಬೆವರಿ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಅದನ್ನು ಅಳೆಯುವುದು. ಹೊರದೇಶದ ಯಂತ್ರಕ್ಕೆ ಕೊಟೇಶನ್ ತರಿಸಿದರೆ ನಾಲ್ಕು ಲಕ್ಷದ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತಂದು ಬೋರ್ಡ್ ನಾನೇ ಕಟ್ಟಿದೆ. ಮೂರು ಸಾವಿರದ ಆಸುಪಾಸು ಆಗಿರಬೇಕು. ಚರ್ಮಕ್ಕೆ ಕೊಡೋದು ಅರ್ಧ ವೋಲ್ಟ್, ಅದೂ ಬ್ಯಾಟರಿಯಲ್ಲಿ. ಅಗ್ಗ ಅಂತ ಇಸಿಜಿ ಸ್ಟಿಕ್ಕರ್ ಅಂಟಿಸುವವರು ಗಮನಿಸಿ: ಅದರ ಜೆಲ್ಲಿನಲ್ಲಿ ಉಪ್ಪು ಜಾಸ್ತಿ, ರೀಡಿಂಗ್ ಸುಮ್ನೆ ಮೇಲೇರಿ ಕೂರುತ್ತದೆ.

ನಿಜವಾದ ಕಾಟ ಕೈಯದು. ಬೆರಳಿಗೆ ಎಲೆಕ್ಟ್ರೋಡ್ ಹಾಕಿ ಕೂರಿಸಿದರೆ ಮೈಸೂರಿನ ಕೇಳುಗರು ತಾಳ ಹಾಕದೆ ಇರುತ್ತಾರಾ? ‘ಬಲಗೈ ಅಲ್ಲಾಡಿಸಬೇಡಿ ಸಾರ್’ ಅಂದರೆ ಎಡಗೈ ಶುರುವಾಗುತ್ತದೆ. ಒಬ್ಬ ನಿವೃತ್ತ ಮೇಷ್ಟ್ರು ಕೈ ಕಟ್ಟಿಕೊಂಡೇ ಕೂತಿದ್ದರು. ಆದರೂ ಗ್ರಾಫಿನಲ್ಲಿ ಗರಗಸದ ಹಲ್ಲು. ಬಗ್ಗಿ ನೋಡಿದರೆ ಹೆಬ್ಬೆರಳಿನಲ್ಲಿ ಆದಿತಾಳ ಎಣಿಸುತ್ತಿದ್ದಾರೆ! ಜುಮ್ಮೆಂದಾಗ ಗುಂಡಿ ಒತ್ತಿ ಅಂತ ಕೊಟ್ಟರೆ, ಒತ್ತುವ ಯೋಚನೆಯಲ್ಲೇ ಜುಮ್ಮೆನ್ನುವುದು ನಿಂತುಹೋಗುತ್ತಿತ್ತು.

ಹಾಗಾಗಿ ಪಾದಕ್ಕೆ ಇಳಿಸಿದೆ. ಒಳಬದಿ, ಹರಡಿನ ಕೆಳಗೆ. ‘ಸಂಗೀತ ಕಾಲಲ್ಲಿ ಕೇಳ್ತಾರೇನ್ರೀ?’ ಅಂತ ನಕ್ಕವರೇ ಎಲ್ಲ. ಕಾಲ್ಚೀಲ ಹಾಕಿಸಿ ಕಾಲು ಗಂಟೆ ಬೆಚ್ಚಗೆ ಇಟ್ಟೆ. ಸ್ಟೂಲಿನ ಮೇಲೆ ಕಾಲು ಚಾಚಿಸಿದೆ. ಕೃತಿ ಬಿಟ್ಟು ಬರೀ ಆಲಾಪನೆ ಕೇಳಿಸಿದೆ. ತಾಳವೇ ಇಲ್ಲದಿದ್ದರೆ ಕುಟ್ಟುವುದೇನನ್ನು? ಗೆರೆ ನುಣ್ಣಗೆ ಬಂತು. ಉಸಿರಿಗೊಂದು ಬೆಲ್ಟ್ ಮಾತ್ರ ಬೇಕೇ ಬೇಕು. ಯಾರಾದರೂ ನಿಟ್ಟುಸಿರು ಬಿಟ್ಟರೆ ಅದೂ ರೋಮಾಂಚನದ ವೇಷದಲ್ಲೇ ಬರುತ್ತದೆ. ಮುಂಗೈ ಕೂದಲು ನಿಮಿರುವುದನ್ನು ಹಳೇ ವೆಬ್‌ಕ್ಯಾಮಿನಲ್ಲಿ ಹಿಡಿದೆ. ದೀಪ ಎಲ್ಲಿಟ್ಟೆ ಅನ್ನೋದನ್ನು ಪೇಪರ್ ಪ್ರಕಟವಾಗುವವರೆಗೆ ಕೇಳಬೇಡಿ.

ಹೋಲಿಕೆಗೆ ಮಾಂಟ್ರಿಯಲ್ಲಿನವರ ಉಪಾಯವನ್ನೇ ತೆಗೆದುಕೊಂಡೆ. ಪ್ರತಿಯೊಬ್ಬರೂ ತಮಗಿಷ್ಟವಾದದ್ದನ್ನು ತರಬೇಕು, ಅದನ್ನೇ ಇನ್ನೊಬ್ಬರಿಗೂ ಕೇಳಿಸಬೇಕು. ಆದರೆ ನನ್ನ ಕೇಳುಗರೆಲ್ಲ ಒಂದೇ ಸಂಗೀತ ಸಭೆಯವರು. ಒಬ್ಬರು ತಂದ ತೋಡಿ ರಾಗಕ್ಕೆ ಪಕ್ಕದವರ ಮೈಯೂ ಜುಮ್ಮೆಂದರೆ ಹೋಲಿಸುವುದೇನು? ಧಾರವಾಡದ ಹಿಂದೂಸ್ತಾನಿ ಖಯಾಲ್ ಪ್ರಿಯರನ್ನು ಕರೆಸಿದ ಮೇಲೆ ವ್ಯತ್ಯಾಸ ಕಂಡಿತು. ಅವರ ಪ್ರಯಾಣ, ಊಟಕ್ಕೆ ಬೋರ್ಡಿನ ಹತ್ತುಪಟ್ಟು ಖರ್ಚಾಯಿತು.

ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಏರು ಬಂದದ್ದು ತಾರಷಡ್ಜ, ಅಂದರೆ ಮೇಲಿನ ‘ಸ’ ಮುಟ್ಟುವ ಮೊದಲೇ. ಗಾಯಕರು ಅದರ ಹಿಂದಿನ ಸ್ವರ ನಿಷಾದದಲ್ಲಿ ನಿಂತು ಕಾಯಿಸುತ್ತಾರಲ್ಲ, ಆಗ. ಚರ್ಮ ಒಂದರಿಂದ ಮೂರು ಸೆಕೆಂಡು ತಡವಾಗಿ ಹೇಳುತ್ತದೆ, ಅದನ್ನು ಕಳೆದೇ ಲೆಕ್ಕ ಹಾಕಿದ್ದೇನೆ. 2011ರಲ್ಲಿ ಸಲೀಂಪೂರ್ ತಂಡ, ಕಾಯುವಾಗ ಮಿದುಳಿನ ಕಾಡೇಟ್ ಭಾಗದಲ್ಲಿ, ಸುಖದ ತುದಿಯಲ್ಲಿ ನ್ಯೂಕ್ಲಿಯಸ್ ಅಕಂಬೆನ್ಸ್ ಭಾಗದಲ್ಲಿ ಡೋಪಮೀನ್ ಅನ್ನೋ ರಾಸಾಯನಿಕ ಬಿಡುಗಡೆಯಾಗೋದನ್ನು ತೋರಿಸಿತ್ತು. ಪಾದದಲ್ಲಿ ಡೋಪಮೀನ್ ಕಾಣೋದಿಲ್ಲ, ಒಪ್ಪಿದೆ. ಆದರೆ ಕಾಯುವ ಹೊತ್ತು ಅದಕ್ಕೆ ಹೊಂದುತ್ತದೆ, ಮೂರು ಸಾವಿರದ ಬೋರ್ಡಿನಲ್ಲಿ.

ನಡುವೆ ಬೇಲೂರಿನ ಮದನಿಕೆಯರ ಮೇಲೂ ಇದನ್ನು ನೋಡಿದೆ. ಲ್ಯಾಪ್‌ಟಾಪಿನ ಫೋಟೋಗೆ ಯಾರ ಗೆರೆಯೂ ಮಿಸುಕಲಿಲ್ಲ. ಗುಡಿಗೇ ಕರೆದುಕೊಂಡು ಹೋದರೆ, ಚಪ್ಪಲಿ ಬಿಟ್ಟು ಕಲ್ಲು ಹಾಸಿನ ಮೇಲೆ ನಡೆದ ಪಾದದಲ್ಲಿ ಎಲೆಕ್ಟ್ರೋಡೇ ನಿಲ್ಲಲಿಲ್ಲ. ಶಿಲ್ಪಕ್ಕೆ ಬೇರೆ ದಾರಿ ಹುಡುಕಬೇಕು. ಕಣ್ಣಿನ ಪಾಪೆ ಹಿಗ್ಗುವುದನ್ನು ಅಳೆಯೋಣ ಅಂದರೆ ಅಲ್ಲಿನ ಬೆಳಕು ಗಳಿಗೆಗೊಮ್ಮೆ ಬದಲಾಗುತ್ತದೆ.

ಎಫ್‌ಎಂಆರ್‌ಐ ಕೇಳಿದ್ದ ಹಿರಿಯರು ಹೋದ ತಿಂಗಳು ತಮಗೂ ಒಂದು ಬೋರ್ಡ್ ಮಾಡಿಕೊಡು ಅಂದರು. ಐದು ಸಾವಿರ ಆಗುತ್ತದೆ ಸಾರ್, ಕಾಲ್ಚೀಲ ನಿಮ್ಮದೇ ತನ್ನಿ ಅಂದಿದ್ದೇನೆ.