ಲಿಂಕ್ಡ್‌ಇನ್ ಪ್ರೊಫೈಲ್ ಹೆಂಗ ಬರದ್ರ ಕಂಪನಿಯವ್ರ ಕಣ್ಣಿಗೆ ಬೀಳ್ತೀರಿ: ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮಂದಿಗೆ

ಲಿಂಕ್ಡ್‌ಇನ್ ಅಂದ್ರ ಕೆಲಸಾ ಹುಡುಕೋರು, ಕೆಲಸಕ್ಕ ಮಂದಿ ಹುಡುಕೋರು ಕೂಡೋ ಜಾಲತಾಣ. ಅದರಾಗ ನಮ್ಮ ಕಡೆ ಹುಡುಗ್ರ, ಹುಡುಗ್ಯಾರ ಪ್ರೊಫೈಲ್ ತಗದ ನೋಡ್ರಿ, ಭಾಳಷ್ಟು ಒಂದ ನಮೂನಿ ಇರ್ತಾವ. ಹೆಸರು, ಕಾಲೇಜು, ಕೆಳಗ 'ಹಾರ್ಡ್‌ವರ್ಕಿಂಗ್, ಕ್ವಿಕ್ ಲರ್ನರ್, ಸೀಕಿಂಗ್ ಆಪರ್ಚುನಿಟಿ' ಅಂತ ಒಂದ ಸಾಲು. ಹುಡುಗ ಭಾಳ ಒಳ್ಳೇವ ಅದಾನ, ಯಾವ ಚಟಾನೂ ಇಲ್ಲ ಅಂತ ಬರಿಯೋ ಮದುವಿ ಬಯೋಡಾಟಾ ಇದ್ದಂಗ. ಇದನ್ನ ಓದಿ ಇವ್ರಿಗೆ ಏನ್ ಕೆಲಸಾ ಬರ್ತೈತಿ ಅಂತ ಯಾರಿಗೂ ತಿಳಿಯಂಗಿಲ್ಲ, ಅದಕ್ಕಿಂತ ದೊಡ್ಡ ತೊಂದ್ರಿ ಏನಂದ್ರ ಇದು ಓದೋ ಮಟಾ ಬರೂದ ಇಲ್ಲ. ಕೆಲಸಕ್ಕ ಮಂದಿ ಹುಡುಕೋರು ಬೆಂಗಳೂರಾಗೋ ಪುಣೆದಾಗೋ ಕುಂತು ಒಂದ ಸರ್ಚ್ ಡಬ್ಬಿಯೊಳಗ ಹುದ್ದೆ ಹೆಸರು, ಸ್ಕಿಲ್, ಊರು, ಎಷ್ಟ ವರ್ಷದ ಅನುಭವ ಅಂತ ಹಾಕ್ತಾರ, ಪಟ್ಟಿ ಬರ್ತೈತಿ, ಮ್ಯಾಲಿನ ಒಂದಿಷ್ಟು ನೋಡಿ ಮೆಸೇಜ್ ಹಾಕ್ತಾರ. 'ಹಾರ್ಡ್‌ವರ್ಕಿಂಗ್' ಅಂತ ಯಾರೂ ಹುಡುಕಂಗಿಲ್ಲ. ಅದಕ್ಕ ಅವ್ರು ಏನ ಟೈಪ್ ಮಾಡ್ತಾರೋ ಅದು ನಿಮ್ಮ ಪ್ರೊಫೈಲ್‌ನಾಗ ಇರಬೇಕು, ಮತ್ತ ಅದು ಖರೇನೂ ಇರಬೇಕು. ಉಳದದ್ದೆಲ್ಲಾ ಇದರ ಸುತ್ತಾನ ಐತಿ.

ಹಂಗಂತ ಇವತ್ತ ಪ್ರೊಫೈಲ್ ತಗದು ತಿದ್ದಾಕ ಕುಂದರಬ್ಯಾಡ್ರಿ. ಮೊದಲ ಜಾಬ್ಸ್ ಟ್ಯಾಬ್‌ಗೆ ಹೋಗಿ ನಿಮಗ ಬೇಕಾದಂಥಾ ಹುದ್ದೆದ ಹತ್ತ ಹನ್ನೆರಡು ಜಾಹೀರಾತು ಓದ್ರಿ, ಒಂದ ಹಾಳ್ಯಾಗ ಪದೇ ಪದೇ ಬರೋ ಶಬ್ದಾ ಬರಕೊಳ್ರಿ. ನೀವು 'ಲೆಕ್ಕಪತ್ರ ನೋಡ್ತೀನಿ' ಅಂತೀರಿ, ಅಲ್ಲಿ 'ಅಕೌಂಟ್ಸ್ ಪೇಯೆಬಲ್', 'ಜಿಎಸ್‌ಟಿ ರಿಟರ್ನ್ಸ್', 'ಬ್ಯಾಂಕ್ ರಿಕನ್ಸಿಲಿಯೇಷನ್' ಅಂತ ಇರ್ತೈತಿ. ನೀವು ಮಾಡೋದು ಅದ ಕೆಲಸಾನ, ಹೆಸರಷ್ಟ ಗೊತ್ತಿರಂಗಿಲ್ಲ. ಇನ್ನೊಂದು, ತಿದ್ದೂಕಿಂತ ಮುಂಚೆ ಸೆಟ್ಟಿಂಗ್ಸ್‌ನಾಗ ವಿಸಿಬಿಲಿಟಿ ಅಂತ ಇರೋ ಕಡೆ ಹೋಗಿ, ನಿಮ್ಮ ಪ್ರೊಫೈಲ್ ಬದಲಾದ್ರ ಎಲ್ಲಾರಿಗೂ ತಿಳಿಸೋ ಬಟನ್ ಆಫ್ ಮಾಡ್ರಿ. ನಮ್ಮ ಊರು ಸಣ್ಣವು, ನೀವು ರಾತ್ರಿ ಹತ್ತಕ್ಕ ಒಂದ ಸಾಲು ತಿದ್ದಿದ್ರ ಮುಂಜಾನೆ ಚಹಾ ಹೊತ್ತಿಗೆ ಮಾಲಕರು 'ಏನಪಾ, ಬ್ಯಾರೆ ಕಡೆ ನೋಡಾಕತ್ತಿ ಏನ' ಅಂತ ಕೇಳ್ತಾರ.

ಈಗ ಹೆಡ್‌ಲೈನ್. ಹೆಸರಿನ ಕೆಳಗಿನ ಸಾಲು ಇದು, 220 ಅಕ್ಷರದ ಮಟಾ ಜಾಗ ಐತಿ. ಆದ್ರ ಫೋನ್‌ನಾಗ ಪೂರಾ ಕಾಣಂಗಿಲ್ಲ, ಅರ್ಧಕ್ಕ ಕಟ್ ಆಗ್ತೈತಿ, ಹಿಂಗಾಗಿ ಮುಖ್ಯ ಇದ್ದದ್ದನ್ನ ಮೊದಲ ಹಾಕ್ರಿ. ನೀವು ಏನೂ ಬರೀದ ಬಿಟ್ಟಿದ್ರ ಆ ಆ್ಯಪ್ ತಾನ 'ಸ್ಟೂಡೆಂಟ್ ಅಟ್' ಅಂತ ಕಾಲೇಜಿನ ಹೆಸರು ಹಚ್ಚಿ ಸುಮ್ನ ಕುಂದರ್ತೈತಿ. ಅದನ್ನ ತಗದ ಒಗೀರಿ. ಇಂಗ್ಲಿಷ್‌ನಾಗ ಹಾಕೂದ ಛಲೋ, ನಾ ಇಲ್ಲಿ ಕನ್ನಡ ಅಕ್ಷರದಾಗ ಬರೀತೀನಿ. 'ವಿಎಂಸಿ ಪ್ರೋಗ್ರಾಮರ್, ಫಾನಕ್ ಕಂಟ್ರೋಲರ್, ಮಾಸ್ಟರ್‌ಕ್ಯಾಮ್, 3 ವರ್ಷ, ಹುಬ್ಬಳ್ಳಿ'. ವಿಎಂಸಿ ಅಂದ್ರ ಕಂಪ್ಯೂಟರ್ ಹೇಳಿದಂಗ ಲೋಹಾ ಕೊರಿಯೋ ಮಷೀನು, ಫಾನಕ್ ಅದನ್ನ ನಡಸೋ ಕಂಟ್ರೋಲರ್, ಮಾಸ್ಟರ್‌ಕ್ಯಾಮ್ ಅದಕ್ಕ ಪ್ರೋಗ್ರಾಮ್ ಬರಿಯೋ ಸಾಫ್ಟ್‌ವೇರ್. ನೋಡ್ರಿ, ಇದರಾಗ ಒಂದೂ ಹೊಗಳಿಕಿ ಶಬ್ದಾ ಇಲ್ಲ, ಆದ್ರ ಇದರಾಗಿನ ಒಂದೊಂದು ಶಬ್ದಾನೂ ಯಾರೋ ಹುಡುಕೋ ಶಬ್ದಾ. ಇನ್ನೂ ಕೆಲಸಾ ಸಿಕ್ಕಿಲ್ಲಾ ಅಂದ್ರ 'ಸಿವಿಲ್ ಇಂಜಿನಿಯರಿಂಗ್ 2025 ಬ್ಯಾಚ್, ಆಟೋಕ್ಯಾಡ್, ಕ್ವಾಂಟಿಟಿ ಎಸ್ಟಿಮೇಷನ್, ಟೋಟಲ್ ಸ್ಟೇಷನ್ ಸರ್ವೆ' ಅಂತ ಹಾಕಬಹುದು. 'ಆಸ್ಪೈರಿಂಗ್' ಅನ್ನೋ ಶಬ್ದಾ ನಂಗ ಒಟ್ಟ ಸೇರಂಗಿಲ್ಲ, ಇಲ್ಲದಿದ್ರೂ ನಡೀತೈತಿ.

ಎಕ್ಸ್‌ಪೀರಿಯನ್ಸ್ ವಿಭಾಗದಾಗ ನಮ್ಮವ್ರು ಭಾಳ ಕಳಕೊಳ್ತಾರ. ಯಾಕಂದ್ರ ನಮ್ಮ ಮಂದಿ ಮಾಡೋ ಕೆಲಸಾನ ಕೆಲಸಾ ಅಂತ ಎಣಿಸೂದ ಇಲ್ಲ. ಗೋಕುಲ ರೋಡ್‌ನಾಗ ಒಂದ ಸಣ್ಣ ವರ್ಕ್‌ಶಾಪ್, ಬೋರ್ಡ್ ಸೈತ ಸರಿ ಇಲ್ಲ, ಒಳಗ ಒಬ್ಬ ಡಿಪ್ಲೊಮಾ ಹುಡುಗ ಡ್ರಾಯಿಂಗ್ ಓದಿ, ಪ್ರೋಗ್ರಾಮ್ ಹಾಕಿ, ಜಾಬ್ ಸೆಟ್ ಮಾಡಿ, ಫಸ್ಟ್ ಪೀಸ್ ತಗದು ಮೈಕ್ರೋಮೀಟರ್ ಹಚ್ಚಿ ಚೆಕ್ ಮಾಡಿ ಪಾಸ್ ಮಾಡ್ತಾನ, ಪ್ರೊಫೈಲ್‌ನಾಗ ಬರದಿರ್ತಾನ 'ಆಪರೇಟರ್' ಅಂತ ಅಷ್ಟ. ಕೆಳಗ ಖಾಲಿ. ಅಲ್ಲಿ ಬರೀಬೇಕಾದ್ದು: ಯಾವ ಮಷೀನು, ಯಾವ ಕಂಟ್ರೋಲರ್, ಯಾವ ಮಟೀರಿಯಲ್, ಎಷ್ಟ ಟಾಲರೆನ್ಸ್ (ಅಳತ್ಯಾಗ ನಡಿಯೋ ಹೆಚ್ಚುಕಮ್ಮಿ) ಹಿಡಿತಾನ, ತಿಂಗಳಿಗೆ ಸುಮಾರು ಎಷ್ಟ ನಮೂನಿ ಜಾಬ್ ಬರ್ತಾವ, ಸೆಟಪ್‌ಗೆ ಮೊದಲ 50 ನಿಮಿಷ ಹಿಡೀತಿದ್ದದ್ದು ಜಾಬ್ ಹಿಡಿಯೋ ಫಿಕ್ಸ್ಚರ್ ಬದಲಿ ಮಾಡಿದ ಮ್ಯಾಲೆ 30ಕ್ಕ ಬಂದಿದ್ರ ಅದನ್ನೂ ಬರೀಬೇಕು. ಅಂಕಿ ನಿಮಗ ಖರೇ ಗೊತ್ತಿದ್ದರಷ್ಟ ಹಾಕ್ರಿ ಮತ್ತ, ಇಂಟರ್‌ವ್ಯೂನಾಗ 'ಇದನ್ನ ಹೆಂಗ ಅಳತಿ ಮಾಡಿದ್ರಿ' ಅಂತ ಕೇಳಿದ್ರ ಬಾಯಿ ಕಟ್ಟಬಾರದು. ಹಂಗ ಗಿರಾಕಿ ಕಂಪನಿ ಡ್ರಾಯಿಂಗ್ ಫೋಟೋ ತಗದು ಅಪ್‌ಲೋಡ್ ಮಾಡಬ್ಯಾಡ್ರಿ, ಅದು ಅವ್ರ ಆಸ್ತಿ, ಕೆಲಸಾ ಸಿಗೂದ ಬಿಟ್ಟು ಇದ್ದದ್ದೂ ಹೋಗ್ತೈತಿ.

ಬ್ಯಾಡಗಿ ಕಡೆ ದಲಾಲಿ ಅಂಗಡ್ಯಾಗ ಲೆಕ್ಕಾ ಬರಿಯೋ ಬಿಕಾಂ ಹುಡುಗಿ ಅಂದ್ರ ಹೆಂಗ? ಸೀಸನ್‌ನಾಗ ಟೆಂಡರ್ ದಿನ ಮೆಣಸಿನಕಾಯಿ ಚೀಲ ಬಂದು ಬೀಳ್ತಾವ, ಲಾಟ್ ಲೆಕ್ಕಾ, ತೂಕದ ಚೀಟಿ, ರೈತರ ಪಟ್ಟಿ, ಖರೀದಿದಾರರ ಬಿಲ್ಲು, ಟ್ಯಾಲಿ ಎಂಟ್ರಿ, ಇ-ವೇ ಬಿಲ್ಲು, ಎಲ್ಲಾ ಅವತ್ತ ಮುಗೀಬೇಕು, ಒಂದ ರೂಪಾಯಿ ಹೆಚ್ಚುಕಮ್ಮಿ ಆದ್ರ ರಾತ್ರಿ ಮಟಾ ಕುಂತು ಹುಡುಕಬೇಕು. ಇಷ್ಟ ಮಾಡಿ ಆಕಿ 'ಅಕೌಂಟೆಂಟ್, ಪ್ರೈವೇಟ್ ಫರ್ಮ್' ಅಂತ ಬರದ್ರ ಬೆಂಗಳೂರಾಗಿನ ಎಚ್‌ಆರ್‌ಗೆ ಏನ ತಿಳಿಬೇಕು. 'ಹೈ ವಾಲ್ಯೂಮ್ ಇನ್‌ವಾಯ್ಸಿಂಗ್, ಟ್ಯಾಲಿ ಪ್ರೈಮ್, ಇ-ವೇ ಬಿಲ್, ವೆಂಡರ್ ಪೇಮೆಂಟ್ಸ್, ಸೇಮ್ ಡೇ ರಿಕನ್ಸಿಲಿಯೇಷನ್' ಅಂತ ಬರದ್ರ ಅದ ಕೆಲಸಾ ಅವ್ರ ಭಾಷಾದಾಗ ಬಂತು. ಸುಳ್ಳು ಒಂದೂ ಹೇಳಿಲ್ಲ. ಗದಗನ್ಯಾಗ ಪ್ರಿಂಟಿಂಗ್ ಪ್ರೆಸ್‌ನಾಗ ಡಿಟಿಪಿ ಮಾಡೋರಿಗೂ ಇದ ಮಾತು. 'ನುಡಿ' ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ಕೋರಲ್‌ಡ್ರಾ, ಇನ್‌ಡಿಸೈನ್, ಕನ್ನಡ ಯೂನಿಕೋಡ್ ಕನ್ವರ್ಷನ್, ಪ್ರೂಫ್ ತಿದ್ದೂದು ಅಂತ ಬಿಡಿಸಿ ಬರೀರಿ. ರಾಣೆಬೆನ್ನೂರ ಕಡೆ ಬೀಜದ ಕಂಪನಿಗೆ ಹೊಲಾ ತಿರಗೋ ಅಗ್ರಿ ಹುಡುಗ್ರು ಎಷ್ಟ ಹಳ್ಳಿ, ಎಷ್ಟ ರೈತರ ಪ್ಲಾಟು, ಯಾವ ಬೆಳೆ ಅಂತ ಹಾಕ್ರಿ. 'ಫೀಲ್ಡ್ ಆಫೀಸರ್' ಅನ್ನೋ ಎರಡ ಶಬ್ದದಾಗ ಅದ್ಯಾವುದೂ ಬರಂಗಿಲ್ಲ.

ಇನ್ನ ಗ್ಯಾಪ್ ಇರೋರು. ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು, ಲೈಬ್ರರ್ಯಾಗ ಕುಂತು ಪಿಎಸ್ಐ, ಎಫ್‌ಡಿಎ, ಕೆಎಎಸ್ ಅಂತ ಎರಡ ಮೂರ ವರ್ಷ ಓದಿದವ್ರು ಎಷ್ಟ ಮಂದಿ ಇದಾರ ಅಂತ ನಿಮಗ ಗೊತ್ತು. ಆಮ್ಯಾಲೆ ಪ್ರೈವೇಟ್‌ಗೆ ಬರಬೇಕಂದಾಗ ಆ ವರ್ಷಾನ ಮುಚ್ಚಿಡಾಕ ನೋಡ್ತಾರ, ಇಲ್ಲಾಂದ್ರ ಗೆಳ್ಯಾನ ಅಂಗಡಿ ಹೆಸರು ಹಾಕಿ 'ಮ್ಯಾನೇಜರ್' ಅಂತಾರ. ಎರಡೂ ಬ್ಯಾಡ. ಲಿಂಕ್ಡ್‌ಇನ್‌ನಾಗ 2022ರಿಂದ 'ಕರಿಯರ್ ಬ್ರೇಕ್' ಅಂತ ಒಂದ ಬ್ಯಾರೆ ನಮೂದು ಹಾಕೂ ಸೌಲಭ್ಯ ಐತಿ, ಕಾರಣಾನೂ ಆರಿಸಬಹುದು, ಮಕ್ಕಳನ್ನ ನೋಡ್ಕೊಂಡು ಮನ್ಯಾಗ ಇದ್ದ ಅಕ್ಕಾರಿಗೂ ಅದು ಬರ್ತೈತಿ. ಅಲ್ಲೇ ಕೆಳಗ ನೇರ ಬರೀರಿ, ಯಾವ ಪರೀಕ್ಷೆಗೆ ಓದಿದ್ರಿ, ಪ್ರಿಲಿಮ್ಸ್ ಪಾಸಾಗಿದ್ರ ಅದು, ಸಂಜಿಗೆ ಟ್ಯೂಷನ್ ಹೇಳಿದ್ರ ಅದು, ಆ ಹೊತ್ತಿನ್ಯಾಗ ಎಕ್ಸೆಲ್ ಕಲ್ತಿದ್ರ ಅದು. ಖಾಲಿ ಬಿಟ್ಟ ಜಾಗಾದಾಗ ಓದೋರು ತಮಗ ತಿಳದಂಗ ಕಥಿ ತುಂಬ್ಕೊಳ್ತಾರ, ಆ ಕಥಿ ನಿಮ್ಮ ಪರವಾಗಿ ಇರೂದು ಕಡಿಮಿ.

ಅಬೌಟ್ ವಿಭಾಗಕ್ಕ 2600 ಅಕ್ಷರ ಜಾಗ ಕೊಟ್ಟಾರ, ಅಷ್ಟೂ ತುಂಬಬೇಕಂತ ಏನಿಲ್ಲ. ಮೊದಲಿನ ಎರಡ ಮೂರ ಸಾಲಷ್ಟ ಕಾಣ್ತಾವ, ಉಳದದ್ದು 'ಸೀ ಮೋರ್' ಒತ್ತಿದ್ರ. ಹಿಂಗಾಗಿ 'ನಾನು ಬಾಲ್ಯದಿಂದಲೂ' ಅಂತ ಶುರು ಮಾಡಬ್ಯಾಡ್ರಿ. ಏನ್ ಕೆಲಸಾ ಮಾಡ್ತೀನಿ, ಯಾವುದರಾಗ ಕೈ ಪಳಗೇತಿ, ಮುಂದ ಎಂಥಾ ಕೆಲಸಾ ಬೇಕು, ಯಾವ ಊರಾಗ, ಇಷ್ಟ. ಎಐ ಕಡೆಯಿಂದ ಬರಸ್ತೀನಿ ಅಂದ್ರ ಬರಸ್ರಿ, ಇಂಗ್ಲಿಷ್ ತಿದ್ದಾಕ ಭಾಳ ಅನುಕೂಲ, ಆದ್ರ ಮೊದಲ ನೀವು ಕನ್ನಡದಾಗ, ಗೆಳ್ಯಾಗ ಹೇಳಿದಂಗ ನಿಮ್ಮ ಕೆಲಸದ ವಿವರಾ ಟೈಪ್ ಮಾಡಿ ಆಮ್ಯಾಲೆ ಇಂಗ್ಲಿಷ್ ಮಾಡ್ಸ್ರಿ. ಸುಮ್ನ 'ನನ್ನ ಬಗ್ಗೆ ಬರಿ' ಅಂದ್ರ ಅದು 'ಪ್ಯಾಷನೇಟ್, ರಿಸಲ್ಟ್ ಡ್ರಿವನ್' ಅಂತ ಅದ ಮದುವಿ ಬಯೋಡಾಟಾನ ಇನ್ನಷ್ಟ ಚಂದ ಮಾಡಿ ಕೊಡ್ತೈತಿ.

ಫೋಟೋ: ಮಾರಿ ಕಾಣೂವಂಗ, ಹಿಂದ ಗ್ವಾಡಿ ಖಾಲಿ ಇರೂವಂಗ, ಬೆಳಕಿಗೆ ನಿಂತು ಗೆಳ್ಯಾನ ಫೋನ್‌ನಾಗ ತಗದದ್ದು ಸಾಕು, ಅಣ್ಣನ ಮದುವ್ಯಾಗ ಪೇಟಾ ಸುತ್ತಿಕೊಂಡದ್ದು ಇಲ್ಲಿ ಬ್ಯಾಡ. ಯುಆರ್‌ಎಲ್ ಕಡಿಗೆ ಇರೋ ಅಂಕಿ ಎಲ್ಲಾ ತಗದು ಬರೇ ಹೆಸರು ಇರೂವಂಗ ಮಾಡ್ಕೊಳ್ರಿ, ರೆಸ್ಯೂಮೆದಾಗ ಹಾಕಾಕ ಛಲೋ ಕಾಣ್ತೈತಿ. ಮುಗೀತು.

ಊರಿನ ವಿಷಯ ಸ್ವಲ್ಪ ವಿಚಾರ ಮಾಡಬೇಕು. ಬೆಂಗಳೂರು ಅಂತ ಹಾಕಿದ್ರ ಜಾಸ್ತಿ ಮೆಸೇಜ್ ಬರ್ತಾವ ಅಂತ ಭಾಳ ಮಂದಿ ಮನ್ಯಾಗ ಕುಂತ ಬೆಂಗಳೂರು ಹಾಕ್ತಾರ, ನಾಳೆ ಮುಂಜಾನೆ ಹನ್ನೊಂದಕ್ಕ ಬರ್ರಿ ಅಂದ್ರ ರಾತ್ರಿ ಬಸ್ ಹಿಡಿಯೂದು. ಪ್ರೊಫೈಲ್‌ನಾಗ ಇರೋ ಊರು ಹಾಕಿ, 'ಓಪನ್ ಟು ವರ್ಕ್' ಅನ್ನೋದ್ರಾಗ ಹೋಗಲಿಕ್ಕೆ ತಯಾರಿರೋ ಊರು, ಬೇಕಾದ ಹುದ್ದೆ ಎರಡೂ ಆರಿಸೂದು ಛಲೋ. ಅದರಾಗ ಎರಡ ದಾರಿ ಅದಾವ. ಒಂದು ಎಲ್ಲಾರಿಗೂ ಕಾಣೂದು, ಫೋಟೋ ಸುತ್ತ ಹಸರ ಪಟ್ಟಿ ಬರ್ತೈತಿ. ಇನ್ನೊಂದು ಕೆಲಸಕ್ಕ ಮಂದಿ ಹುಡುಕೋ ರಿಕ್ರೂಟರ್‌ಗಳಿಗಷ್ಟ. ಕೆಲಸದಾಗ ಇದ್ದೋರು ಎರಡನೇದು ಆರಿಸ್ರಿ, ನಿಮ್ಮ ಈಗಿನ ಕಂಪನಿ ರಿಕ್ರೂಟರ್‌ಗೆ ಕಾಣದಂಗ ನೋಡ್ಕೊಳ್ತೀವಿ ಅಂತಾರ, ಆದ್ರ ಪೂರಾ ಗ್ಯಾರಂಟಿ ಅವರೂ ಕೊಡಂಗಿಲ್ಲ, ತಲ್ಯಾಗ ಇರಲಿ. ಕೆಲಸಾ ಇಲ್ಲದೋರಿಗೆ ಹಸರ ಪಟ್ಟಿ ಹಾಕ್ಕೊಳ್ಳಾಕ ಏನ್ ನಾಚಿಕಿ? ಹಾಕ್ರಿ.

ಕಾಲೇಜಿನ ಹೆಸರು ಟೈಪ್ ಮಾಡುವಾಗ ಕೆಳಗ ಪಟ್ಟಿ ಇಳೀತೈತಲ್ಲ, ಅದರಾಗಿಂದನ ಆರಿಸ್ರಿ, ಲೋಗೋ ಬರಬೇಕು. ಬಿವಿಬಿಯಂತಾನ ಕೈಲೆ ಟೈಪ್ ಮಾಡಿ ಬಿಟ್ರ ಈಗಿನ ಕೆಎಲ್‌ಇ ಟೆಕ್ ಪೇಜಿಗೆ ನೀವು ಕೂಡಂಗಿಲ್ಲ. ಕೂಡಿದ್ರ ಏನ್ ಲಾಭ ಅಂದ್ರ ಕಾಲೇಜ್ ಪೇಜ್‌ನಾಗ ಅಲಮ್ನೈ (ಹಳೇ ವಿದ್ಯಾರ್ಥಿಗಳು) ಅಂತ ಒಂದ ಟ್ಯಾಬ್ ಐತಿ, ಅಲ್ಲಿ ನಿಮ್ಮ ಕಾಲೇಜಿನೋರು ಯಾವ ಊರಾಗ, ಯಾವ ಕಂಪನ್ಯಾಗ, ಯಾವ ಕೆಲಸದಾಗ ಅದಾರ ಅಂತ ಸೋಸಿ ನೋಡಬಹುದು. ಎಸ್‌ಡಿಎಂ ಇರ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಇರ್ಲಿ, ಗದಗಿನ ತೋಂಟದಾರ್ಯ ಕಾಲೇಜ್ ಇರ್ಲಿ, ಇದು ನಮ್ಮಂಥೋರಿಗೆ ಬಂಗಾರದಂಥಾ ಸೌಲಭ್ಯ ಅಂತ ನನ್ನ ಅಭಿಪ್ರಾಯ, ಯಾಕಂದ್ರ ಹೊರಗ ಹೋದ ನಮ್ಮ ಕಡಿಯವ್ರು ಊರ ಹೆಸರು ಕೇಳಿದ್ರ ಸಾಕು ಮಾತಾಡ್ತಾರ.

ಆದ್ರ ಕೇಳೂ ರೀತಿ ಐತಿ. 'ಸರ್ ಪ್ಲೀಸ್ ಜಾಬ್ ಇದ್ರ ಹೇಳ್ರಿ' ಅಂದ್ರ ಅವ್ರು ಏನಂತ ಉತ್ತರ ಕೊಡಬೇಕು? ಹಿಂಗ ಬರೀರಿ: 'ನಮಸ್ಕಾರ ಸರ್, ನಾನೂ ನಮ್ಮ ಕಾಲೇಜಿನ್ಯಾವನ, ಮೆಕ್ಯಾನಿಕಲ್ 2023. ಈಗ ಹುಬ್ಬಳ್ಳ್ಯಾಗ ಟೂಲ್ ಡಿಸೈನ್ ಮಾಡಾಕತ್ತೀನಿ. ನಿಮ್ಮ ಟೀಮಿಗೆ ಬರೋರಿಗೆ ಯಾವ ಸಾಫ್ಟ್‌ವೇರ್ ಗೊತ್ತಿರಬೇಕು ಅಂತ ಹೇಳಿದ್ರ ಉಪಕಾರ ಆಗ್ತೈತ್ರಿ.' ಇದಕ್ಕ ಎರಡ ಸಾಲಿನ ಉತ್ತರ ಕೊಡಾಕ ಯಾರಿಗೂ ಭಾರ ಆಗಂಗಿಲ್ಲ. ರೊಕ್ಕಾ ಕೊಡದ ಅಕೌಂಟ್‌ನಾಗ ಕನೆಕ್ಟ್ ಆಗಾಕ ಕೇಳೋ ರಿಕ್ವೆಸ್ಟ್ ಜೋಡಿ ಕಳಸೋ ನೋಟು ಸಣ್ಣದಿರಬೇಕು, ತಿಂಗಳಿಗೆ ಇಷ್ಟ ಅಂತ ಮಿತಿನೂ ಐತಿ, ಅದಕ್ಕ ಕಂಡಕಂಡೋರಿಗೆ ಕಳಸಿ ಖಾಲಿ ಮಾಡ್ಕೋಬ್ಯಾಡ್ರಿ.

ಸ್ಕಿಲ್ಸ್ ಪಟ್ಟಿಗೆ ಆ ಹಾಳ್ಯಾಗ ಬರಕೊಂಡ ಶಬ್ದಾ ಹಾಕ್ರಿ, ಖರೇ ಬರೋವಷ್ಟ, ಎಂ.ಎಸ್. ವರ್ಡ್ ಮ್ಯಾಲೆ ಕುಂತು ಟ್ಯಾಲಿ ಕೆಳಗ ಹೋಗಿದ್ರ ಜಾಗಾ ಬದಲಿ ಮಾಡ್ರಿ. ಗೆಳ್ಯಾರು ಒಬ್ಬರಿಗೊಬ್ಬರು 'ಇವ್ರಿಗೆ ಈ ಸ್ಕಿಲ್ ಬರ್ತೈತಿ' ಅಂತ ಎಂಡಾರ್ಸ್ ಮಾಡ್ಕೊಳ್ಳೂದಕ್ಕ ಹೆಚ್ಚಿನ ಬೆಲಿ ಇಲ್ಲ, ಅದರ ಬದಲಿ ಹಳೇ ಮಾಲಕರ ಕಡೆಯಿಂದನೋ ಗೈಡ್ ಮೇಡಮ್ ಕಡೆಯಿಂದನೋ ಒಂದ ರೆಕಮಂಡೇಷನ್ ಬರಸ್ರಿ. 'ಏನರ ಬರೀರಿ ಸರ್' ಅಂದ್ರ 'ಗುಡ್ ಬಾಯ್' ಅಂತ ಬರದ ಬಿಡ್ತಾರ, 'ಆ ದೀಪಾವಳಿ ಹೊತ್ತಿಗೆ ಸ್ಟಾಕ್ ಎಲ್ಲಾ ಕಂಪ್ಯೂಟರ್‌ಗೆ ಹಾಕಿದ್ನಲ್ಲ ಸರ್, ಅದನ್ನ ಬರೀರಿ' ಅಂತ ನೆನಪ ಮಾಡಿ ಕೊಡ್ರಿ.

ಪ್ರೊಫೈಲ್ ಛಲೋ ಆದಂಗ ಮೋಸದ ಮೆಸೇಜೂ ಬರ್ತಾವ. ಮೊದಲನೇ ಮಾತಿಗೇನ ವಾಟ್ಸಾಪ್, ಟೆಲಿಗ್ರಾಮ್‌ಗೆ ಬಾ ಅನ್ನೋರು, ಇಂಟರ್‌ವ್ಯೂ ಇಲ್ಲದ ಆಫರ್ ಲೆಟರ್ ಕೊಡೋರು, ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ರೊಕ್ಕಾ ಕೇಳೋರು, ಇವ್ರ ಜೋಡಿ ಮಾತ ಬೆಳಸಬ್ಯಾಡ್ರಿ. ಕಂಪನಿ ವೆಬ್‌ಸೈಟ್‌ನಾಗ ಆ ಹುದ್ದೆ ಐತೇನ ಅಂತ ನೋಡ್ರಿ, ಮೇಲ್ ಐಡಿ ಕಂಪನಿದೋ ಜಿಮೇಲೋ ನೋಡ್ರಿ. ರೊಕ್ಕಾ ಹೋಗಿಬಿಟ್ಟಿದ್ರ ತಡಾ ಮಾಡಲಾರದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ.

ಎಲ್ಲಾ ತಿದ್ದಿದ ಮ್ಯಾಲೆ ಒಂದೆರಡು ವಾರ ಬಿಟ್ಟು ನಿಮ್ಮ ಪ್ರೊಫೈಲ್‌ನಾಗ ಅನಲಿಟಿಕ್ಸ್ ಕೆಳಗ 'ಸರ್ಚ್ ಅಪಿಯರೆನ್ಸಸ್' (ಹುಡುಕಿದಾಗ ನೀವು ಎಷ್ಟ ಸಲ ಕಂಡ್ರಿ ಅನ್ನೋದು) ಎಷ್ಟ ಅಂತ ನೋಡ್ರಿ. ಅದು ಏರಿಲ್ಲಾ ಅಂದ್ರ ಶಬ್ದಾ ತಪ್ಪ್ಯಾವ, ಹೆಡ್‌ಲೈನ್ ಮತ್ತ ಸ್ಕಿಲ್ಸ್ ಇನ್ನೊಮ್ಮೆ ಜಾಹೀರಾತಿನ ಜೋಡಿ ಹೋಲಿಸಿ ನೋಡ್ರಿ. ಏರೇತಿ ಆದ್ರ ಮೆಸೇಜ್ ಬರವಲ್ವು ಅಂದ್ರ ಮಂದಿ ಒಳಗ ಬಂದು ಓದಿ ಹೊಳ್ಳಿ ಹೋಗಾಕತ್ತಿರಬಹುದು, ಎಕ್ಸ್‌ಪೀರಿಯನ್ಸ್‌ನಾಗ ಇನ್ನೂ ವಿವರಾ ಬೇಕು. ಇದ್ಯಾವುದಕ್ಕೂ ಪ್ರೀಮಿಯಮ್ ಬೇಕಾಗಿಲ್ಲ. ಒಂದ ತಿಂಗಳು ಫ್ರೀ ಅಂತ ಕಾರ್ಡ್ ನಂಬರ್ ಕೊಟ್ಟಿದ್ರ ಕ್ಯಾನ್ಸಲ್ ಮಾಡೋ ತಾರೀಖು ಫೋನ್‌ನಾಗ ಅಲಾರಮ್ ಇಟ್ಕೊಳ್ರಿ, ಇಲ್ಲಾಂದ್ರ ಮುಂದಿನ ತಿಂಗಳ ತಾನ ರೊಕ್ಕಾ ಕಟ್ ಆಗ್ತೈತಿ.