ಕೋಲಾರದಲ್ಲಿ ಕೂತು ಕಾದಂಬರಿ ಬರೆಯುವವರಿಗೆ

ಮೊದಲು ಪೂರ್ತಿ ಬರೆದು ಮುಗಿಸಿ. ಹೊಸಬರ ಅರ್ಧ ಕಾದಂಬರಿ ನಂಬಿ ಯಾವ ಪ್ರಕಾಶಕರೂ ಮಾತು ಕೊಡುವುದಿಲ್ಲ. ನಮ್ಮ ಕಡೆಯ ಕಥೆ ಅಂದರೆ ಮಾತುಕತೆಯಲ್ಲಿ ತೆಲುಗು ಬಂದೇ ಬರುತ್ತದೆ, ಅಲ್ವಾ? ಬರಲಿ ಬಿಡಿ. ಟೊಮೆಟೊ ಮಂಡಿಯ ದಲ್ಲಾಳಿ ಟಿವಿ ಧಾರಾವಾಹಿಯವರ ಥರ ಮಾತಾಡಿದರೆ ಮುಳಬಾಗಿಲಿನ ಓದುಗರು ನಕ್ಕುಬಿಡುತ್ತಾರೆ; ಆದರೆ ಅದೇ ಮಾತು ಧಾರವಾಡದವರಿಗೂ ತಿಳಿಯಬೇಕು, ಹಾಗಾಗಿ ತೆಲುಗು ಪದದ ಅರ್ಥ ಎದುರಿನವನ ಉತ್ತರದಲ್ಲೇ ಗೊತ್ತಾಗುವ ಹಾಗೆ ಬರೆಯಿರಿ. ಅಡಿಟಿಪ್ಪಣಿ ಬೇಡ, ಓದಿನ ಓಟ ಕೆಡುತ್ತದೆ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪುಟ ಕಟ್ಟುವವರು ಹಳೆಯ ‘ನುಡಿ’ ತಂತ್ರಾಂಶದ ಫಾಂಟ್‌ಗೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಕರಡು ತಿದ್ದುವಾಗ ಅವನ್ನೇ ಹುಡುಕಿ.

ಸುಮ್ನೆ ಎಲ್ಲ ಪ್ರಕಾಶಕರಿಗೂ ಕಳಿಸಬೇಡಿ. ಬೆಂಗಳೂರಿಗೆ ಹೋದಾಗ ಪುಸ್ತಕದಂಗಡಿಯಲ್ಲಿ ಹೊಸಬರ ಕಾದಂಬರಿ ಹಾಕುವವರು ಯಾರು ನೋಡಿಕೊಂಡು, ಒಂದು ಪುಟದ ಸಾರಾಂಶದ ಜೊತೆ ಮೊದಲ ಕೆಲವು ಅಧ್ಯಾಯ ಕಳಿಸಿ. ನೀವು ಯುವ ಬರಹಗಾರರಾಗಿದ್ದು ಇದು ಮೊದಲ ಪುಸ್ತಕವಾದರೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆಯ ಮೇಲೂ ಕಣ್ಣಿಡಿ.

ಒಪ್ಪಿಗೆ ಸಿಕ್ಕ ಖುಷಿಯಲ್ಲಿ ಕಣ್ಣುಮುಚ್ಚಿ ಸಹಿ ಹಾಕುವವರೇ ಜಾಸ್ತಿ. ಹಕ್ಕು ಎಷ್ಟು ವರ್ಷಕ್ಕೆ, ಗೌರವಧನ ಎಷ್ಟು, ಸಿನಿಮಾ ಮತ್ತು ಆಡಿಯೊ ಹಕ್ಕು ಯಾರಿಗೆ, ಎಲ್ಲ ಬರೆಸಿಕೊಳ್ಳಿ. ಹಕ್ಕು ವರ್ಗಾಯಿಸಿದ ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಇನ್ನು ನೀವೇ ಅಚ್ಚು ಹಾಕಿಸುವುದಾದರೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಭಾರತದಲ್ಲಿ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಅದಕ್ಕೆ ಮಧ್ಯವರ್ತಿಗೆ ದುಡ್ಡು ಕೊಡಬೇಡಿ.